ತಟ್ಟಿದರೆ ಬಿಡಬೇಕು

ನನ್ನ ಓರಗಿತ್ತಿ ಎಡಗಣ್ಣು ಊದಿಸಿಕೊಂಡು ಬಂದ ಸಂಜೆ ಮನೆಯಲ್ಲಿ ಅವಳದೇ ದರ್ಬಾರು. ಅತ್ತೆ ಬಟ್ಟೆಯಲ್ಲಿ ಐಸ್ ಸುತ್ತಿ ತಂದರು. ಮೈದುನ ಎಲ್ಲ ಕಡೆಯಿಂದ ಫೋಟೋ ತೆಗೆದ. ನನ್ನ ಗಂಡ, ಮನೆಗೆ ಬೆಂಕಿ ಬಿದ್ದರೂ ಪತ್ರಿಕೆಯ ಕೊನೆಯ ಪುಟ ಮುಗಿಸಿಯೇ ಏಳುವ ಮನುಷ್ಯ, ಅದನ್ನು ಮಡಿಸಿಟ್ಟು "ಅದಿರಲಿ, ಹೊಡೆದವಳ ಗತಿ ಏನಾಯ್ತು?" ಎಂದು ಕೇಳಿದರು. "ಅವಳ ಮೂಗು ನೋಡ್ಬೇಕಿತ್ತು ಭಾವ" ಎಂದು ಅವಳು ನಕ್ಕಳು. ಎಲ್ಲರೂ ನಕ್ಕರು. ನನ್ನ ಮಗಳು ಚಿಕ್ಕಮ್ಮನ ಕುರ್ಚಿಯ ತೋಳಿನ ಮೇಲೆ ಕೂತು, ನೀಲಿಗಟ್ಟಿದ ಆ ಕಣ್ಣನ್ನು ಹೊಸ ಒಡವೆ ನೋಡುವಂತೆ ನೋಡುತ್ತಿದ್ದಳು.

ನಾನು ಹತ್ತು ವರ್ಷದಿಂದ ಆತ್ಮರಕ್ಷಣೆಯ ವಿದ್ಯೆ ಕಲಿಯುತ್ತಿದ್ದೇನೆ. ನನ್ನ ಕಣ್ಣಿಗೆ ಇದುವರೆಗೆ ಯಾರೂ ಐಸ್ ಇಟ್ಟಿಲ್ಲ. ಇಡುವ ಪ್ರಸಂಗವೇ ಬಂದಿಲ್ಲ, ಆ ಮಾತು ಬೇರೆ.

ನಮ್ಮದು ಎರಡು ಅಂತಸ್ತಿನ ಮನೆ. ಕೆಳಗೆ ನಾವು, ಮೇಲೆ ಮೈದುನ ಮತ್ತು ಅವಳು. ಅತ್ತೆ ಇರುವುದು ಮಾತು ಎಲ್ಲಿ ಜಾಸ್ತಿಯೋ ಅಲ್ಲಿ. ಅಂದರೆ ಇತ್ತೀಚೆಗೆ ಮೇಲೆ. ಓರಗಿತ್ತಿ ಬೇಕರಿಯೊಂದರ ವ್ಯಾನ್ ಓಡಿಸುತ್ತಾಳೆ. ಬೆಳಗಾಗುವ ಮೊದಲೇ ಎದ್ದು, ಬ್ರೆಡ್ಡಿನ ಟ್ರೇಗಳನ್ನು ಅಂಗಡಿ ಅಂಗಡಿಗೆ ಇಳಿಸಿ, ಮಧ್ಯಾಹ್ನದೊಳಗೆ ಮನೆಗೆ ಬಂದು, ದಣಿವೇ ಇಲ್ಲದವಳಂತೆ ಗಟ್ಟಿಯಾಗಿ ನಗುತ್ತಾ ಓಡಾಡುತ್ತಾಳೆ. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು, ಕಿವಿಯ ಹಿಂದೆ ಒತ್ತುವ ಕಡ್ಡಿಯನ್ನು ಬಿಸಿಮಾಡಿ ಬಗ್ಗಿಸುವುದು, ಎದುರಿಗೆ ಕೂತವರ ಮೂಗು, ಹುಬ್ಬು, ಕಿವಿಗಳನ್ನು ಅಳೆಯುವುದು. ಎರಡೂ ಕಿವಿ ಒಂದೇ ಎತ್ತರಕ್ಕಿರುವ ಮನುಷ್ಯರು ಬಹಳ ಅಪರೂಪ. ಓರಗಿತ್ತಿಯ ಕಿವಿಗಳು, ಹಾಳಾದ್ದು, ಸರಿಸಮ ಇವೆ.

ಅವಳು ನಾಲ್ಕು ತಿಂಗಳ ಹಿಂದೆ ಹಳೆಯ ಗ್ಯಾರೇಜೊಂದರಲ್ಲಿ ನಡೆಯುವ ಹೊಡೆದಾಟದ ಹಾಲ್‌ಗೆ ಸೇರಿದ್ದಳು. ಅಲ್ಲಿ ಗುದ್ದುವುದೂ ಉಂಟು, ಹಿಡಿದು ಕೆಡವುವುದೂ ಉಂಟು. ಎದುರಿನವರು ನಿಜವಾಗಿ ಹೊಡೆಯುತ್ತಾರೆ, ಇವರೂ ಹೊಡೆಯುತ್ತಾರೆ. ಅದಕ್ಕೆ ಸ್ಪಾರಿಂಗ್ ಎಂದು ಹೆಸರು. ನಾಲ್ಕು ತಿಂಗಳಿಗೇ ಅವಳು ಮನೆಯವರ ಬಾಯಲ್ಲಿ 'ನಮ್ಮ ಪೈಲ್ವಾನ್' ಆದಳು. ಹತ್ತು ವರ್ಷದಲ್ಲಿ ನನಗೆ ಸಿಕ್ಕ ಬಿರುದು, "ಎಲ್ಲಿ, ಡ್ರಿಲ್ ಮಾಡೋಕೆ ಹೋದ್ಲಾ?"

ನನ್ನ ಕ್ಲಾಸ್ ನಡೆಯುವುದು ಪೀಠೋಪಕರಣದ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ. ಒಂದು ಗೋಡೆಯ ತುಂಬ ಕನ್ನಡಿ, ನೆಲಕ್ಕೆ ಚಾಪೆ, ಕೆಳಗಿನಿಂದ ಸದಾ ಬರುವ ವಾರ್ನಿಷ್ ವಾಸನೆ. ಗುರುಗಳು ವಯಸ್ಸಾದವರು, ಮೆಲುದನಿಯವರು. ಅವರ ಕನ್ನಡಕ ನಾನೇ ಮಾಡಿಕೊಟ್ಟದ್ದು. ಅಲ್ಲಿ ಎಲ್ಲವೂ ಕ್ರಮ. ಎದುರಿನವರು ಬಲಗಾಲು ಮುಂದಿಟ್ಟು ಬಲಗೈ ಚಾಚುತ್ತಾರೆ. ನಾವು ಮಣಿಕಟ್ಟು ಹಿಡಿದು, ಪಕ್ಕಕ್ಕೆ ಸರಿದು, ತಿರುಗಿಸುತ್ತೇವೆ. ಅವರು ಮಂಡಿಯೂರುತ್ತಾರೆ. ನೋವು ತಾಳದಷ್ಟಾದಾಗ ಎಲ್ಲಿ ಕೈ ಸಿಕ್ಕುತ್ತದೋ ಅಲ್ಲಿ, ಚಾಪೆಗೋ ಗೋಡೆಗೋ, ಎರಡು ಸಲ ತಟ್ಟುತ್ತಾರೆ. ತಟ್ಟಿದರೆ ಬಿಡಬೇಕು. ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಬಾಗಿಸಬೇಕು. ಇದು ಮೊದಲ ದಿನದ ಪಾಠ, ಕೊನೆಯ ದಿನದ ಪಾಠವೂ ಇದೇ. ಸ್ಪಾರಿಂಗ್ ಯಾಕಿಲ್ಲ ಎಂದು ಹೊಸಬರು ಯಾರಾದರೂ ಕೇಳಿದರೆ ಗುರುಗಳದು ಒಂದೇ ಉತ್ತರ: "ನಮ್ಮ ವಿದ್ಯೆ ಪ್ರಾಣ ತೆಗೆಯುವಂಥದ್ದು. ಆಟಕ್ಕೆ ಪ್ರಯೋಗ ಮಾಡಿ ನೋಡೋ ಹಾಗಿಲ್ಲ."

ನನ್ನ ಗಂಡ ಇದನ್ನು ಕೇಳಿ, "ಕಳ್ಳರಿಗೂ ಒಂದೊಂದು ಪಠ್ಯಪುಸ್ತಕ ಹಂಚೋಕೆ ಹೇಳು. ಯಾವ ಕಾಲು ಮೊದಲು ಇಡ್ಬೇಕು ಅಂತ ಪಾಪ ಅವರಿಗೆ ಹೇಗೆ ಗೊತ್ತಾಗ್ಬೇಕು?" ಎಂದಿದ್ದರು. ಗಂಡನ ಕುಹಕ ನನಗೆ ತಾಗುವುದಿಲ್ಲ. ಮದುವೆಯಾದಂದಿನಿಂದ ಕೇಳಿ ಚರ್ಮ ದಪ್ಪವಾಗಿದೆ. ತಾಗಿದ್ದು ಮಗಳ ಮಾತು.

ಅವಳಿಗೆ ಈಗ ಹದಿನಾರು. ಆರು ವರ್ಷದವಳಿದ್ದಾಗಿಂದ ನನ್ನ ಕೈ ಹಿಡಿದುಕೊಂಡು ಅದೇ ಮೆಟ್ಟಿಲು ಹತ್ತಿದ ಹುಡುಗಿ. ಉಡುಪಿನ ತೋಳು ಉದ್ದವಾಗಿ ಕೈಬೆರಳೇ ಕಾಣುತ್ತಿರಲಿಲ್ಲ. ನಾನು ಮಡಿಸಿ ಮಡಿಸಿ ಪಿನ್ನು ಹಾಕುತ್ತಿದ್ದೆ. ಕನ್ನಡಿಯ ಮುಂದೆ ನಾವಿಬ್ಬರೂ ಒಟ್ಟಿಗೆ ಕೈ ಎತ್ತಿದರೆ ಗುರುಗಳು ಇಡೀ ತರಗತಿಯನ್ನು ನಿಲ್ಲಿಸಿ "ನೋಡಿ, ಹೀಗಿರಬೇಕು" ಎನ್ನುತ್ತಿದ್ದರು. ಇಡೀ ವಾರದಲ್ಲಿ ನನ್ನದು ಎಂದು ನನಗೆ ಅನಿಸುತ್ತಿದ್ದುದು ಆ ಎರಡು ಸಂಜೆಗಳು ಮಾತ್ರ. ಐಸ್ ಇಟ್ಟ ಮರುದಿನ, ಕ್ಲಾಸಿಗೆ ಹೊರಡುವ ಹೊತ್ತಿಗೆ, ಅವಳು ಮಂಚದ ಮೇಲಿಂದ ಏಳಲೇ ಇಲ್ಲ.

"ಅಮ್ಮಾ, ನಾನು ಮುಂದಿನ ತಿಂಗಳಿಂದ ಚಿಕ್ಕಮ್ಮನ ಹಾಲ್‌ಗೆ ಸೇರ್ತೀನಿ. ಹೊಸ ಬ್ಯಾಚ್ ಶುರುವಾಗುತ್ತಂತೆ."

"ಯಾಕೆ? ನಮ್ಮಲ್ಲಿ ಏನು ಕಮ್ಮಿ?"

ಅವಳು ದಿಂಬಿನ ಅಂಚು ಮಡಿಸುತ್ತಾ ಮಾತು ಹುಡುಕಿದಳು. ನನ್ನ ಮನಸ್ಸು ನೋಯಿಸದ ಹಾಗೆ ಹೇಳಲು ನೋಡುತ್ತಿದ್ದಾಳೆ ಎಂದು ಗೊತ್ತಾಗಿ ಇನ್ನಷ್ಟು ಉರಿಯಿತು.

"ನಿಮ್ಮ ಕ್ಲಾಸಲ್ಲಿ ಎಲ್ಲರೂ ಬೀಳೋಕೆ ರೆಡಿಯಾಗೇ ಬರ್ತಾರಮ್ಮ."

ನಿಮ್ಮ ಕ್ಲಾಸ್. ಹತ್ತು ವರ್ಷ ನಮ್ಮದಾಗಿದ್ದದ್ದು ಒಂದೇ ಸಂಜೆಗೆ ನಿಮ್ಮದಾಗಿಬಿಟ್ಟಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ದೊಣ್ಣೆ ಮೇಲಿನ ಮಹಡಿಯಲ್ಲಿ ಹಾಡಿಕೊಂಡು ಸ್ನಾನ ಮಾಡುತ್ತಿತ್ತು. ನಾನು ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಒಬ್ಬಳೇ ಕ್ಲಾಸಿಗೆ ಹೋದೆ.

ಅತ್ತೆಯ ಹತ್ತಿರ ಹೇಳಿಕೊಂಡರೆ ಅವರು, "ಹೋಗ್ಲಿ ಬಿಡೆ. ಕೋಣೆ ಕೂಸು ಕೊಳೀತು, ಓಣಿ ಕೂಸು ಬೆಳೀತು ಅಂತ ಗಾದೇನೇ ಇದ್ಯಲ್ಲ" ಎಂದರು. ಆ ಗಾದೆಯಲ್ಲಿ ಕೋಣೆಯ ಕೂಸು ಯಾರು ಎಂದು ನಾನು ಕೇಳಲಿಲ್ಲ. ಹೊಟ್ಟೆಕಿಚ್ಚು ಎಂದರೆ ಹಾಗೆಯೇ. ಯಾರು ಏನು ಅಂದರೂ ಅದು ತನಗೇ ಅಂದದ್ದೆಂದು ಎತ್ತಿಕೊಳ್ಳುತ್ತದೆ. ಓರಗಿತ್ತಿ ನಕ್ಕರೆ ನನ್ನನ್ನು ನೋಡಿ ನಕ್ಕಳು ಅನ್ನಿಸುತ್ತಿತ್ತು. ನಗದಿದ್ದರೆ ಕನಿಕರಪಟ್ಟಳು ಅನ್ನಿಸುತ್ತಿತ್ತು. ಅವಳು ಮಿಕ್ಕಿದ ಬನ್ನುಗಳನ್ನು ತಂದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟರೆ ನಾನು ಅವನ್ನು ಮುಟ್ಟುತ್ತಿರಲಿಲ್ಲ. ಮಗಳು ಎರಡೆರಡು ತಿನ್ನುತ್ತಿದ್ದಳು.

ಆ ತಿಂಗಳ ಕೊನೆಯ ವಾರದಲ್ಲಿ ಒಂದು ದಿನ ಮಗಳು ಶಾಲೆಯಿಂದ ನೇರ ನನ್ನ ಅಂಗಡಿಗೆ ಬಂದಳು. ಒಟ್ಟಿಗೆ ಮನೆಗೆ ಹೊರಟೆವು. ಅಂಗಡಿಯ ಹಿಂಭಾಗದಿಂದ ಬಸ್ ನಿಲ್ದಾಣಕ್ಕೆ ಒಂದು ಇಕ್ಕಟ್ಟಾದ ಹಾದಿಯಿದೆ. ಎರಡೂ ಕಡೆ ಗೋದಾಮುಗಳು, ಹೆಚ್ಚಿನವುಗಳ ಶಟರ್ ಎಳೆದಿರುತ್ತದೆ. ಇನ್ನೂ ಬಿಸಿಲಿತ್ತು. ಎದುರಿನಿಂದ ಒಬ್ಬ ಬಂದ. ಕೃಶವಾದ ಆಳು, ಮೂಗಿನ ಮೇಲೆ ಕನ್ನಡಕ ಒತ್ತಿದ ಹಳೆಯ ಗುರುತು, ಆದರೆ ಕನ್ನಡಕ ಇಲ್ಲ. ಇವನಿಗೆ ದೂರದ್ದು ಸರಿಯಾಗಿ ಕಾಣುತ್ತಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವನು ಮಗಳ ಹೆಗಲಿನ ಚೀಲಕ್ಕೆ ಕೈ ಹಾಕಿ ಎಳೆದ.

ನಾನು ಯೋಚಿಸಲಿಲ್ಲ. ಗುರುಗಳು ಹೇಳುತ್ತಿದ್ದರಲ್ಲ, ಯೋಚಿಸದಷ್ಟು ಅಭ್ಯಾಸ ಮಾಡಬೇಕು ಅಂತ, ಅದು ನಿಜ. ಕೈ ತಾನೇ ಹೋಯಿತು. ಮಣಿಕಟ್ಟು ಸಿಕ್ಕಿತು. ಪಕ್ಕಕ್ಕೆ ಸರಿದೆ, ತಿರುಗಿಸಿದೆ. ಅವನು "ಅಯ್ಯೋ" ಎಂದು ಮಂಡಿಯೂರಿದ. ಚೀಲ ನೆಲಕ್ಕೆ ಬಿತ್ತು. ಪುಸ್ತಕದಲ್ಲಿ ಚಿತ್ರ ಬರೆದ ಹಾಗೆ! ಮಗಳತ್ತ ನೋಡಿದೆ. ಅವಳ ಬಾಯಿ ತೆರೆದೇ ಇತ್ತು, ಕಣ್ಣಲ್ಲಿ ಆ ಹಳೆಯ ಬೆಳಕು, ಕನ್ನಡಿಯ ಮುಂದಿನ ಪುಟ್ಟ ಹುಡುಗಿಯದು. ಒಂದು ಗಳಿಗೆ ಅವಳು ಪೂರ್ತಿಯಾಗಿ ನನ್ನವಳಾಗಿದ್ದಳು.

ಅವನು ನೋವು ತಾಳಲಾರದೆ ಪಕ್ಕದ ಶಟರ್‌ಗೆ ಕೈ ಬಡಿದ. ಎರಡು ಸಲ. ಧಡ್, ಧಡ್.

ನಾನು ಬಿಟ್ಟೆ.

ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ತಲೆ ಬಾಗಿಸಿದೆ.

ಆ ಕಳ್ಳನ ಮುಖವನ್ನು ನಾನು ಸಾಯುವ ತನಕ ಮರೆಯಲಾರೆ. ಅವನಿಗೆ ನೋವು ಹೋಗಿ ಗಾಬರಿ ಹುಟ್ಟಿತ್ತು, ಯಾವ ಹುಚ್ಚಿಯ ಕೈಗೆ ಸಿಕ್ಕಿಬಿದ್ದೆನಪ್ಪಾ ಎನ್ನುವ ಹಾಗೆ. ಕ್ಷಣ ಹೊತ್ತು ಹಾಗೇ ನನ್ನ ನೆತ್ತಿ ನೋಡುತ್ತಾ ಕೂತಿದ್ದ. ಆಮೇಲೆ ಚೀಲ ಬಾಚಿಕೊಂಡು, ಅಡ್ಡ ಬಂದ ಮಗಳನ್ನು ತಳ್ಳಿ ಓಡಿದ. ಅವಳು ಗೋಡೆಗೆ ಬಿದ್ದು ಮೊಣಕೈ ತರಚಿಕೊಂಡಳು. ಚೀಲದಲ್ಲಿ ಫೋನಿತ್ತು, ಪುಸ್ತಕಗಳಿದ್ದವು, ನಾನು ಬೆಳಿಗ್ಗೆ ಕಟ್ಟಿಕೊಟ್ಟ ಊಟದ ಡಬ್ಬಿಯಿತ್ತು.

ಮಗಳು ಬೈಯಲಿಲ್ಲ. ನಕ್ಕಿದ್ದರೂ ಚೆನ್ನಾಗಿತ್ತು; ನಗಲೂ ಇಲ್ಲ. ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ನಾನು ಇಂಗು ತಿಂದ ಮಂಗನಂತೆ ಪಕ್ಕದಲ್ಲಿ ಕೂತಿದ್ದೆ.

ಮನೆಯಲ್ಲಿ ಎಲ್ಲರೂ ಸುತ್ತುವರಿದರು. "ಹಿಡಿದಿದ್ದೆ. ಅವನ ಕೈ ಬೆವರಿತ್ತು, ಜಾರಿಹೋಯ್ತು" ಎಂದೆ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಗಳು ನನ್ನ ಮುಖ ನೋಡಿ, ತನ್ನ ಮೊಣಕೈಯತ್ತ ಕಣ್ಣಿಳಿಸಿದಳು. ಓರಗಿತ್ತಿ ಆಗಲೇ ಹತ್ತಿ, ಔಷಧಿ ತಂದು ಅವಳ ಮೊಣಕೈ ಒರೆಸತೊಡಗಿದ್ದಳು.

"ಹಿಡಿದ್ರಲ್ಲ ಅಕ್ಕ, ಅದೇ ದೊಡ್ಡದು. ನಾನಾಗಿದ್ರೆ ಕಿರುಚಿಕೊಳ್ತಿದ್ದೆ ಅಷ್ಟೆ" ಎಂದಳು.

ಸುಳ್ಳು. ಅವಳು ಕಿರುಚಿಕೊಳ್ಳುವವಳಲ್ಲ. ಅವನ ಮೂಗು ಮುರಿದು ಕೈಗೆ ಕೊಟ್ಟು ಕಳಿಸುತ್ತಿದ್ದಳು. ನನ್ನ ಮಗಳ ಗಾಯ ನಾನು ಒರೆಸಬೇಕಾಗಿತ್ತು. ಅದೂ ಅವಳ ಪಾಲಾಯಿತು. ಮಗಳು "ಸ್ ಸ್" ಎನ್ನುತ್ತಾ ಚಿಕ್ಕಮ್ಮನ ಹೆಗಲಿಗೆ ತಲೆ ಆನಿಸಿದ್ದಳು. ಆಮೇಲೆ ಇಬ್ಬರೂ ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ನಗು ಕೇಳಿಸಿತು. ಮಗಳು ಹೇಳಿಬಿಟ್ಟಳು ಎಂದುಕೊಂಡೆ. ಬಿಟ್ಟದ್ದು, ತಲೆ ಬಾಗಿಸಿದ್ದು ಎಲ್ಲ ಹೇಳಿಬಿಟ್ಟಳು, ಈಗ ಅವಳು ಎದ್ದು ನಿಂತು ನನ್ನ ಹಾಗೆ ಬಾಗಿ ತೋರಿಸುತ್ತಿದ್ದಾಳೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದದ್ದು ನನಗೆ ವಾಸನೆ ಬಂದಾಗಲೇ ಗೊತ್ತಾದದ್ದು.

ಮುಂದಿನ ಕ್ಲಾಸಿನ ದಿನ ಬೇಗ ಹೋಗಿ ಗುರುಗಳಿಗೆ ಎಲ್ಲವನ್ನೂ ಹೇಳಿದೆ. ಅವರೊಬ್ಬರಿಗೇ ನಿಜ ಹೇಳಿದ್ದು. ಅವರು ಗೋಡೆಗೆ ಒರಗಿ ಕೂತು ಕೇಳಿದರು.

"ತಲೆನೂ ಬಾಗಿಸಿದ್ಯಾ?"

"ಬಾಗಿಸಿದೆ."

ಅವರು ಕನ್ನಡಕ ತೆಗೆದು ಉಡುಪಿನ ಅಂಚಿನಿಂದ ಒರೆಸಿದರು. ಹಾಗೆ ಒರೆಸಬೇಡಿ, ಗೆರೆ ಬೀಳುತ್ತದೆ ಎಂದು ಎಷ್ಟು ಸಲ ಹೇಳಿದ್ದೇನೆ.

"ನಾನು ಯಾವತ್ತೂ ಯಾರ ಜೊತೆಗೂ ನಿಜವಾಗಿ ಹೊಡೆದಾಡಿಲ್ಲಮ್ಮ" ಎಂದರು. "ನಮ್ಮ ಗುರುಗಳು ಹೊಡೆದಾಡಿದ್ದಾರೆ ಅಂತ ಕೇಳಿದ್ದೆ. ನೋಡಿಲ್ಲ."

"ಮತ್ತೆ ಪ್ರಾಣ ತೆಗೆಯೋ ವಿದ್ಯೆ ಅಂತೀರಲ್ಲ?"

"ಅವರು ಹಾಗೆ ಹೇಳ್ತಿದ್ರು."

ಅಷ್ಟರಲ್ಲಿ ಉಳಿದವರು ಮೆಟ್ಟಿಲು ಹತ್ತಿ ಬಂದರು. ಗುರುಗಳು ಎದ್ದು ಎಂದಿನ ಹಾಗೆ ಪಾಠ ಶುರುಮಾಡಿದರು. ನನ್ನ ಎದುರು ನಿಂತವನು ಅಂಚೆಕಚೇರಿಯ ದಪ್ಪ ಗುಮಾಸ್ತ, ನನ್ನ ಬಹುಕಾಲದ ಜೋಡಿ. ಬಲಗಾಲು ಮುಂದಿಟ್ಟು, ಬಲಗೈ ಚಾಚಿ, ನಾನು ಹಿಡಿಯಲಿ ಎಂದು ಕಾದು ನಿಂತ. ಪಾಪದ ಮನುಷ್ಯ. ಹಿಡಿದೆ, ಸರಿದೆ, ತಿರುಗಿಸಿದೆ. ನನ್ನ ಬಲ ಅವನಿಗೆ ತಾಗುವ ಮೊದಲೇ ಅವನು ಬೀಳತೊಡಗಿದ್ದ. ಇಷ್ಟು ವರ್ಷ ಅದು ನನಗೆ ಕಂಡಿರಲಿಲ್ಲ. ಮಗಳಿಗೆ ಎಂದೋ ಕಂಡಿತ್ತು.

ಭಾನುವಾರ ಬೆಳಿಗ್ಗೆ ನಾನೇ ಮೇಲೆ ಹೋಗಿ ಓರಗಿತ್ತಿಯ ಬಾಗಿಲು ಬಡಿದೆ. ಅವಳು ತಲೆಗೆ ಟವೆಲ್ ಸುತ್ತಿಕೊಂಡು ಬಂದಳು.

"ನಿನ್ನ ಜೊತೆ ಒಂದು ಕೈ ನೋಡ್ಬೇಕು."

"ಏನು ನೋಡ್ಬೇಕಕ್ಕ?"

"ಅದೇ ನಿಮ್ಮ ಸ್ಪಾರಿಂಗು. ಟೆರೇಸಿನ ಮೇಲೆ."

ಅವಳ ಮುಖ ಅರಳಿತು. "ನಿಜವಾಗ್ಲೂ? ಬನ್ನಿ ಬನ್ನಿ. ನಿಮ್ಮ ಮಣಿಕಟ್ಟಿನ ಪಟ್ಟು ನಂಗೆ ಹೇಳಿಕೊಡ್ಬೇಕು. ನಮ್ಮಲ್ಲಿ ಅದು ಅಷ್ಟಾಗಿ ಇಲ್ಲ." ಹೀಗೆ ಬೆಣ್ಣೆ ಹಚ್ಚಿದರೆ ಕರಗುವವಳು ನಾನಲ್ಲ. ನನ್ನ ಉದ್ದೇಶ ಕಲಿಯುವುದೂ ಆಗಿರಲಿಲ್ಲ, ಕಲಿಸುವುದೂ ಆಗಿರಲಿಲ್ಲ. ಹೊಸ ಬ್ಯಾಚ್ ಮಾರನೆಯ ದಿನ ಶುರುವಾಗುವುದಿತ್ತು. ಅದರೊಳಗೆ, ಮಗಳ ಕಣ್ಣೆದುರೇ, ಇವಳನ್ನು ಒಂದು ಸಲ ನೆಲಕ್ಕೆ ಹಾಕಬೇಕು. ಅಷ್ಟಾದರೆ ಸಾಕು, ಹುಡುಗಿ ನನ್ನ ಕಡೆ ತಿರುಗುತ್ತಾಳೆ.

ಮೇಲೆ ಹಳೆಯ ಹಾಸಿಗೆಗಳನ್ನು ಹಾಸಿದೆವು. ಮಗಳು ನೀರಿನ ತೊಟ್ಟಿಯ ಕಟ್ಟೆ ಹತ್ತಿ ಕೂತಳು. ಓರಗಿತ್ತಿ ನನಗೆ ತೆಳ್ಳನೆಯ ಕೈಗವಸು ಕೊಟ್ಟು, ತಾನೂ ತೊಟ್ಟು, "ನಿಧಾನವಾಗಿ ಆಡೋಣ ಅಕ್ಕ. ಸಾಕು ಅನ್ನಿಸಿದ್ರೆ ತಟ್ಟಿ. ನಮ್ಮಲ್ಲೂ ತಟ್ಟಿದ್ರೆ ಬಿಟ್ಟುಬಿಡ್ತೀವಿ" ಎಂದಳು.

'ನಮ್ಮಲ್ಲೂ' ಎಂಬ ಆ ಮಾತು ನನಗೆ ಚುಚ್ಚಿತು. ಗೊತ್ತು ಇವಳಿಗೆ, ಎಲ್ಲ ಗೊತ್ತು ಎಂದುಕೊಂಡೆ.

ನಾನು ಭಂಗಿಯಲ್ಲಿ ನಿಂತೆ. ಅವಳು ನಿಲ್ಲಲೇ ಇಲ್ಲ. ಅದೇ ನನಗೆ ಮೊದಲ ಅಚ್ಚರಿ. ಯಾವ ಕಾಲು ಮುಂದೆ ಎಂದು ನೋಡುವಷ್ಟರಲ್ಲಿ ಅದು ಹಿಂದೆ ಹೋಗಿರುತ್ತಿತ್ತು. ಕೈ ಬಂತು, ಹಿಡಿಯಲು ಹೋದೆ, ಅಲ್ಲಿ ಕೈಯಿರಲಿಲ್ಲ, ನನ್ನ ಹಣೆಗೆ ಮೆತ್ತಗೆ ಒಂದು ಏಟು ಬಿದ್ದಿತ್ತು. "ಸಾರಿ ಅಕ್ಕ" ಎಂದಳು. ಮತ್ತೆ ಬಂತು, ಮತ್ತೆ ಹಿಡಿಯಲು ಹೋದೆ, ಪಕ್ಕೆಗೆ ಬಿತ್ತು. "ಸಾರಿ." ಹೊಡೆತಕ್ಕಿಂತ ಆ 'ಸಾರಿ' ಹೆಚ್ಚು ಉರಿಸುತ್ತಿತ್ತು. ಹತ್ತು ವರ್ಷದ ನನ್ನ ವಿದ್ಯೆಗೆಲ್ಲ ಒಂದೇ ಒಂದು ಬೇಡಿಕೆಯಿತ್ತು: ಎದುರಿನ ಕೈ ಒಂದು ಗಳಿಗೆ ಸುಮ್ಮನೆ ಇರಬೇಕು. ಅಷ್ಟನ್ನು ಕೊಡಲು ಅವಳು ತಯಾರಿರಲಿಲ್ಲ. ನನಗೆ ಏದುಸಿರು ಬಂತು. ಕ್ಲಾಸಿನಲ್ಲಿ ಎಂದೂ ಹಾಗಾಗಿದ್ದಿಲ್ಲ. ಆಮೇಲೆ ಮೂಗಿಗೆ ಬಿತ್ತು. ಅದು ಮೆತ್ತಗಿರಲಿಲ್ಲ, ನಾನೇ ಮುಂದೆ ನುಗ್ಗಿ ಅದಕ್ಕೆ ಮುಖ ಕೊಟ್ಟಿದ್ದೆ. ಕಣ್ಣಲ್ಲಿ ನೀರು ತುಂಬಿತು.

"ಅಕ್ಕಾ, ನಿಲ್ಲಿಸೋಣ್ವಾ?"

"ಬಾರೇ ನೀನು" ಎಂದೆ.

ಅವಳು ಅನುಮಾನಿಸುತ್ತಲೇ ಬಂದಳು. ನಾನು ಕಣ್ಣೊರೆಸಿಕೊಳ್ಳದೆ ಅವಳ ಮೇಲೆ ಬಿದ್ದೆ. ಆಗ ತೊಟ್ಟಿಯ ಕಟ್ಟೆಯಿಂದ ಮಗಳು ಕೂಗಿದಳು:

"ಚಿಕ್ಕಮ್ಮಾ, ಎಡಕ್ಕೆ! ಎಡಕ್ಕೆ ಸರಿ!"

ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ನಾನು ತೋಳು ಮಡಿಸಿ ಪಿನ್ನು ಹಾಕಿದ ಮಗಳು. ಅವಳು ಎಚ್ಚರಿಸಿದ್ದು ಇವಳನ್ನು.

ಆ ಕೂಗಿಗೆ ಓರಗಿತ್ತಿ ಎಡಕ್ಕೆ ಸರಿದಳು, ಅವಳ ಮಣಿಕಟ್ಟು ನೇರ ನನ್ನ ಕೈಗೆ ಬಂತು. ಹಿಡಿದೆ. ಕ್ಲಾಸಿನ ಹಿಡಿತವಲ್ಲ ಅದು. ಗುಮಾಸ್ತನನ್ನು ಹಾಗೆ ಹಿಡಿದಿದ್ದರೆ ಅವನು ಅಂದೇ ಕ್ಲಾಸ್ ಬಿಡುತ್ತಿದ್ದ. ತಿರುಗಿಸಿದೆ. ಅವಳು ಮಂಡಿಯೂರಿದಳು, ಬಿದ್ದದ್ದಲ್ಲ, ನಾನು ಬೀಳಿಸಿದ್ದು. ಅವಳು ಹಾಸಿಗೆಗೆ ಎರಡು ಸಲ ತಟ್ಟಿದಳು.

ನಾನು ಇನ್ನಷ್ಟು ತಿರುಗಿಸಿದೆ.

ಮತ್ತೆ ಎರಡು ಸಲ ತಟ್ಟಿದಳು, ಈ ಸಲ ಜೋರಾಗಿ. ಆ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಬೇಕರಿಯ ಕೆಲಸದಿಂದ ಗಟ್ಟಿಯಾದ ಆ ಮಣಿಕಟ್ಟಿನ ಮೂಳೆ ನನ್ನ ಹೆಬ್ಬೆರಳಿನ ಕೆಳಗಿತ್ತು. ಬನ್ನು, ಐಸ್, ಭಾವ ಎಂದು ಕರೆಯುವ ಆ ದನಿ, ಹೆಗಲಿಗೆ ಆನಿಸಿದ ನನ್ನ ಮಗಳ ತಲೆ, ಎಲ್ಲವೂ ನನ್ನ ಕೈಯೊಳಗೆ ಸಿಕ್ಕಿಬಿದ್ದಿತ್ತು. ಬಿಡುವ ಮನಸ್ಸೇ ಬರಲಿಲ್ಲ.

ಅದು ಎಷ್ಟು ಹೊತ್ತೋ. ಅವಳು ಮೂರನೆಯ ಸಲ ತಟ್ಟಲಿಲ್ಲ. ಕೈ ತಿರುಗುತ್ತಿದ್ದ ದಿಕ್ಕಿಗೇ ಇಡೀ ಮೈ ಉರುಳಿಸಿ, ನನ್ನ ಕಾಲಿಗೆ ಕಾಲು ಕೊಟ್ಟು ಎಳೆದಳು. ಆಕಾಶ ಕಂಡಿತು. ಆಮೇಲೆ ಬೆನ್ನಿಗೆ ಹಾಸಿಗೆ ತಾಗಿತು. ತಟ್ಟಿದ ಮೇಲೂ ಬಿಡದವರಿಂದ ಹೇಗೆ ಬಿಡಿಸಿಕೊಳ್ಳಬೇಕು ಎಂದು ಅವಳಿಗೆ ಯಾರೋ ಕಲಿಸಿದ್ದರು.

ಅವಳು ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಮುಖ ಬಿಳುಚಿತ್ತು, ಆದರೂ ನಗುತ್ತಿದ್ದಳು.

"ಅಬ್ಬಬ್ಬಾ ಅಕ್ಕ! ಇದು ಹಿಡಿತ ಅಂದ್ರೆ! ಇದನ್ನ ಆ ಕಳ್ಳನಿಗೆ ಹಾಕಿದ್ರೆ ಇವತ್ತಿಗೂ ಅಲ್ಲೇ ಕೂತಿರ್ತಿದ್ದ. ಅದು ಹೇಗೆ ಜಾರಿತು ಅವನ ಕೈ?"

ಅವಳ ಮುಖವನ್ನು ಅಳೆದು ನೋಡಿದೆ. ಅದು ನನ್ನ ಕಸುಬು. ಕೊಂಕಿಲ್ಲ, ವ್ಯಂಗ್ಯವಿಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ. ಮಗಳು ಹೇಳಿರಲಿಲ್ಲ. ಆ ಸಂಜೆ ಅವರು ನಕ್ಕದ್ದು ಇನ್ಯಾವುದಕ್ಕೋ.

ಅವಳು ಐಸ್ ಹುಡುಕಿಕೊಂಡು ಕೆಳಗಿಳಿದಳು. ಮೆಟ್ಟಿಲಿನಿಂದ ಅತ್ತೆಗೆ ಹೇಳುವುದು ಕೇಳಿಸಿತು: "ಏನಿಲ್ಲ ಅತ್ತೆ, ನೆನ್ನೆ ಟ್ರೇ ಎತ್ತುವಾಗ ಉಳುಕಿತ್ತು, ಈಗ ಜಾಸ್ತಿಯಾಗಿದೆ." ನನಗಾಗಿ ಸುಳ್ಳನ್ನೂ ಅವಳೇ ಹೇಳಿದಳು. ಒಳ್ಳೆಯತನದಲ್ಲಾದರೂ ನನ್ನನ್ನು ಮುಂದೆ ಬಿಡಬಾರದೇ ಇವಳು?

ಮಗಳು ಕಟ್ಟೆಯಿಂದ ಇಳಿದು ಬಂದು ನನ್ನ ಎದುರು ನಿಂತಳು. ನಾನು ಹಾಸಿಗೆಯ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದೆ.

"ಚಿಕ್ಕಮ್ಮ ತಟ್ಟಿದ್ದು ನಿನಗೆ ಕೇಳಿಸ್ಲಿಲ್ವಾ?"

ಕೇಳಿಸಲಿಲ್ಲ ಎನ್ನಬಹುದಿತ್ತು. ಗವಸು, ಗಾಬರಿ, ಗಾಳಿ, ಏನಾದರೂ ಒಂದು. ಕಳ್ಳನ ಕೈ ಬೆವರಿದ್ದ ಹಾಗೆ.

"ಕೇಳಿಸ್ತು" ಎಂದೆ.

"ಅವತ್ತು ಕಳ್ಳ ತಟ್ಟಿದಾಗ ಬಿಟ್ಟೆ."

"ಹೂಂ."

"ಚಿಕ್ಕಮ್ಮ ತಟ್ಟಿದಾಗ ಬಿಡಲಿಲ್ಲ."

ಅವಳು ಬೈಯಲಿ ಎಂದು ಕಾದೆ. ಅವಳು ಬೈಯಲಿಲ್ಲ; ಬಲಗಾಲು ಮುಂದಿಟ್ಟು, ಬಲಗೈ ಚಾಚಿದಳು. ಮೊಣಕೈ ಮೇಲೆ ತರಚಿದ ಗಾಯ ಈಗ ಹಕ್ಕಳೆಗಟ್ಟಿತ್ತು.

"ಹಿಡಿ" ಎಂದಳು.

"ಬೇಡ ಪುಟ್ಟಿ."

"ಹಿಡಿಯಮ್ಮಾ."

ಎದ್ದು ನಿಂತು ಹಿಡಿದೆ. ತಿರುಗಿಸಲಿಲ್ಲ, ಸುಮ್ಮನೆ ಹಿಡಿದುಕೊಂಡೆ. ಚಿಕ್ಕಂದಿನಲ್ಲಿ ನನ್ನ ಎರಡು ಬೆರಳಿನೊಳಗೇ ಹಿಡಿಸುತ್ತಿದ್ದ ಆ ಮಣಿಕಟ್ಟು ಈಗ ನನ್ನ ಹಿಡಿಯಲ್ಲಿ ಪೂರ್ತಿ ಹಿಡಿಸುತ್ತಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕೆಳಗೆ ಓರಗಿತ್ತಿ ಏನೋ ಹೇಳಿ ಅತ್ತೆಯನ್ನು ನಗಿಸುತ್ತಿದ್ದಳು. ನನ್ನ ಬೆರಳುಗಳು ತಾವಾಗಿಯೇ ಸ್ವಲ್ಪ ಬಿಗಿಯಾದದ್ದು ಅವಳಿಗೂ ಗೊತ್ತಾಗಿರಬೇಕು.

ಮಗಳು ಇನ್ನೊಂದು ಕೈಯಿಂದ ನನ್ನ ಭುಜಕ್ಕೆ ಎರಡು ಸಲ ತಟ್ಟಿದಳು, ಮೆತ್ತಗೆ.

ಬಿಟ್ಟೆ. ಹಿಂದೆ ಸರಿಯಲಿಲ್ಲ, ತಲೆಯನ್ನೂ ಬಾಗಿಸಲಿಲ್ಲ.

ಅವಳು ಹಾಸಿಗೆಯ ಮೇಲೆ ಬಿದ್ದಿದ್ದ ಗವಸುಗಳನ್ನು ಎತ್ತಿಕೊಂಡು ಚಿಕ್ಕಮ್ಮನನ್ನು ಹುಡುಕಿಕೊಂಡು ಕೆಳಗೆ ಹೋದಳು. ಮಾರನೆಯ ದಿನ ಸಂಜೆ ಇಬ್ಬರೂ ಒಟ್ಟಿಗೆ ಹಾಲ್‌ಗೆ ಹೊರಟರು. ಓರಗಿತ್ತಿ ಕೈಗೆ ಪಟ್ಟಿ ಸುತ್ತಿಕೊಂಡೇ ಹೋದಳು, ನೋಡಲಿಕ್ಕಷ್ಟೇ ಅಂತೆ. ನಾನು ಬಾಗಿಲಲ್ಲಿ ನಿಂತು ಮಗಳ ಹೊಸ ಚೀಲದ ಪಟ್ಟಿ ಸರಿಮಾಡಿ ಕಳಿಸಿಕೊಟ್ಟೆ. ಬಿಟ್ಟೆ ಅಂದಮಾತ್ರಕ್ಕೆ ಹೊಟ್ಟೆಕಿಚ್ಚು ಹೋಯಿತು ಎಂದಲ್ಲ. ಅವರಿಬ್ಬರೂ ರಸ್ತೆಯ ತಿರುವು ದಾಟುವ ತನಕ ನಾನು ಅಲ್ಲೇ ನಿಂತಿದ್ದೆ, ಮಗಳು ಒಂದು ಸಲವಾದರೂ ತಿರುಗಿ ನೋಡುತ್ತಾಳೇನೋ ಎಂದು.